ಮನೆಯ ಮಾತು: ಮನಸ್ಸಿನ ಗುಳಿಗೆ

ಪುಣೆಯಿಂದ ಒಬ್ಬ ಸೊಸೆ ನಮಗೆ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ಧಾರವಾಡದ ಕಡೆಯ ತಮ್ಮ ಮನೆಗೆ ಬೀಗ ಹಾಕಿ ಮಗನ ಬಳಿಗೆ ಬಂದರಂತೆ. ಮೊದಲ ನಾಲ್ಕು ತಿಂಗಳು ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಊಟ ಕಡಿಮೆಯಾಯಿತು. ನಸುಕಿನ ಮೂರು ಗಂಟೆಗೇ ಎಚ್ಚರವಾಗಿ ಹಾಸಿಗೆಯ ಮೇಲೆ ಎದ್ದು ಕುಳಿತುಬಿಡುವರು. ಮೊಮ್ಮಗಳು ಮಾತನಾಡಿಸಿದರೆ ಉತ್ತರವಿಲ್ಲ. ಶನಿವಾರದ ಭಜನೆಗೆ ಹೋಗುವುದನ್ನೂ ನಿಲ್ಲಿಸಿದರು. ಕೊನೆಗೆ ಮಗ ಮನೋವೈದ್ಯರಲ್ಲಿಗೆ ಕರೆದೊಯ್ದ. ಅವರು ಒಂದು ಗುಳಿಗೆ ಬರೆದುಕೊಟ್ಟರು. ಅದನ್ನು ತೆಗೆದುಕೊಳ್ಳಲು ಆರಂಭಿಸಿ ಹತ್ತು ದಿನವಾಗಿದೆ. ಬೇಸರ ಹೋಗಿಲ್ಲ, ಹೊಟ್ಟೆ ತೊಳಸುವುದು ಮಾತ್ರ ಹೊಸದಾಗಿ ಬಂದಿದೆ. "ನನಗೇನ ಹುಚ್ಚ ಹಿಡದದೇನು? ಈ ಗುಳಿಗಿ ನನಗ ಬ್ಯಾಡ" ಎಂದು ಅತ್ತೆ ಹಟ ಹಿಡಿದಿದ್ದಾರೆ. ಹುಬ್ಬಳ್ಳಿಯಲ್ಲಿರುವ ನಾದಿನಿ ಫೋನಿನಲ್ಲಿ, "ವೈನಿ, ಆ ಗುಳಿಗಿ ಒಮ್ಮೆ ಹಿಡೀತಂದ್ರ ಜೀವಮಾನ ಬಿಡೂದಿಲ್ಲ, ಇವತ್ತ ನಿಲ್ಲಸಿಬಿಡ್ರಿ" ಎಂದಿದ್ದಾರೆ. ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬುದು ಪತ್ರದ ಪ್ರಶ್ನೆ.

ನಾವು ವೈದ್ಯರಲ್ಲ. ಉಪ್ಪಿನಕಾಯಿಗೆ ಬೂಷ್ಟು ಬರುವುದರಿಂದ ಹಿಡಿದು ಊರಿನ ಜಮೀನಿನ ಪಹಣಿಯ ವರೆಗೆ ಈ ಪುಟದಲ್ಲಿ ನಾವು ಎಲ್ಲದರ ಬಗ್ಗೆಯೂ ಬರೆದಿದ್ದೇವೆ, ಅದು ಓದುಗರ ಸೈರಣೆ. ಆದರೆ ಈ ವಿಷಯದಲ್ಲಿ ಬರೆಯಲು ನಮಗೆ ಏನಾದರೂ ಅಧಿಕಾರವಿದ್ದರೆ ಅದು ತಪ್ಪು ಮಾಡಿದವರ ಅಧಿಕಾರ. ಆ ತಪ್ಪನ್ನು ಮೊದಲು ಹೇಳಿಬಿಡುವುದು ಮೇಲು. ನಮ್ಮ ಮನೆಯವರ ಅಪ್ಪಣೆ ಪಡೆದೇ ಹೇಳುತ್ತಿದ್ದೇವೆ.

2018ರಲ್ಲಿ, ಹಿರಿಯ ಮಗಳ ಮದುವೆ ಮುಗಿದ ಮರುವರ್ಷ, ನಮ್ಮ ಮನೆಯವರಿಗೆ ಇದೇ ಬೇನೆ ಬಂತು. ವೈದ್ಯರು ಎಸ್ಸಿಟಾಲೋಪ್ರಾಮ್ ಎಂಬ ಗುಳಿಗೆಯನ್ನು ದಿನಕ್ಕೊಂದರಂತೆ ಕೊಟ್ಟರು. ಎರಡು ತಿಂಗಳಿಗೆ ಮುಖದಲ್ಲಿ ಕಳೆ ಬಂತು. ನಾಲ್ಕು ತಿಂಗಳಿಗೆ ಮನೆಯಲ್ಲಿ ಮತ್ತೆ ಹೋಳಿಗೆಯ ವಾಸನೆ ಬಂತು. ಆಗ ನಾವು ಜಾಣತನ ತೋರಿದೆವು. "ಗುಣ ಆಗೇದಲ್ಲ, ಇನ್ನ ಯಾಕ ವಿಷ ನುಂಗೋದು?" ಎಂದೆವು. ಅವರು ಅಂದೇ ಬಿಟ್ಟರು. ಮೂರನೆಯ ದಿನಕ್ಕೆ ತಲೆ ತಿರುಗು. ಅಡಿಗೆಮನೆಯಲ್ಲಿ ಕತ್ತು ತಿರುಗಿಸಿದಾಗಲೆಲ್ಲ, "ಏನ್ರೀ, ತಲಿಯೊಳಗ ಮಿಂಚ ಹೊಡದಂಗ ಆಗ್ತದ್ರೀ" ಎನ್ನುವರು. ರಕ್ತದೊತ್ತಡವಿರಬೇಕೆಂದು ಓಣಿಯ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು; ಗುಳಿಗೆ ಬಿಟ್ಟ ಸಂಗತಿಯನ್ನು ಮಾತ್ರ ಹೇಳಲಿಲ್ಲ. ಮೂರು ವಾರಕ್ಕೆ ಅದೆಲ್ಲ ತಾನಾಗಿ ಶಮನವಾಯಿತು. ನಾವು ಗೆದ್ದೆವೆಂದುಕೊಂಡೆವು. ಎರಡು ತಿಂಗಳು ತುಂಬುವುದರೊಳಗೆ ಬೇನೆ ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಒಂದು ರಾತ್ರಿ "ಬದುಕಿದ್ದು ಸಾಕಾತು" ಎಂಬ ಮಾತು ಅವರ ಬಾಯಿಂದ ಬಂದಾಗ ನಮ್ಮ ಕೈಕಾಲು ತಣ್ಣಗಾದವು. ಮರುದಿನ ಮನೋವೈದ್ಯರು "ಗುಳಿಗೆ ಬಿಡಲು ಹೇಳಿದವರು ಯಾರು?" ಎಂದು ಕೇಳಿದರು. ಅವರು ನೆಲ ನೋಡುತ್ತ ಕುಳಿತರು. ಹೇಳಿದವರು ನಾವು ಎಂದು ನಾವೇ ಬಾಯಿ ಬಿಡಬೇಕಾಯಿತು.

ಆ ದಿನದಿಂದ ಈಚೆಗೆ ಕಲಿತದ್ದನ್ನು, ವೈದ್ಯರನ್ನು ಕೇಳಿ ಕೇಳಿ ಖಚಿತ ಮಾಡಿಕೊಂಡದ್ದನ್ನು, ಇಲ್ಲಿ ಬರೆಯುತ್ತೇವೆ.

ಮೊದಲನೆಯದು, ವೈದ್ಯರ ಎದುರಿನ ಮಾತು. ನಮ್ಮ ಹಿರಿಯರಿಗೆ ಖಿನ್ನತೆ ಎಂಬ ಶಬ್ದವೇ ಬಾಯಿಗೆ ಬರುವುದಿಲ್ಲ. ಎದೆಯ ಮೇಲೆ ಕಲ್ಲು ಇಟ್ಟಂತಾಗುತ್ತದೆ, ಜೀವಕ್ಕೆ ಸಮಾಧಾನವಿಲ್ಲ, ಕೈಕಾಲು ಸೋತು ಬರುತ್ತವೆ, ಬಾಯಿಗೆ ರುಚಿಯಿಲ್ಲ, ತಲೆಯಲ್ಲಿ ಜುಂ ಎನ್ನುತ್ತದೆ ಎನ್ನುತ್ತಾರೆ. ಕನ್ನಡ ಬಲ್ಲ ವೈದ್ಯರಿಗೆ ಇದರಲ್ಲಿ ಅರ್ಧ ರೋಗ ಅರ್ಥವಾಗುತ್ತದೆ. ಪರಊರಿನಲ್ಲಿ ಆಗುವುದೇನು? ಮಗ ನಡುವೆ ದುಭಾಷಿಯಾಗುತ್ತಾನೆ. ತಾಯಿ ಐದು ನಿಮಿಷ ಹೇಳಿದ್ದನ್ನು ಮಗ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ "ನಿದ್ದೆ ಬರುವುದಿಲ್ಲವಂತೆ" ಎಂದು ಒಂದು ಮಾತಿಗೆ ಇಳಿಸುತ್ತಾನೆ. ತಾಯಿ "ದೇವರು ನನ್ನನ್ನೂ ಕರೆದುಕೊಳ್ಳಬಾರದೇ" ಎಂದದ್ದನ್ನು ನಾಚಿಕೆಯಿಂದಲೋ ಹೆದರಿಕೆಯಿಂದಲೋ ನುಂಗಿಬಿಡುತ್ತಾನೆ. ವೈದ್ಯರಿಗೆ ಬೇಕಾದದ್ದು ಅದೇ ಮಾತು. ಆದ್ದರಿಂದ ಹೋಗುವ ಮೊದಲು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಹೇಳಿದ್ದನ್ನು ಹೇಳಿದಂತೆ ತಿಳಿಸಿ. ಸಾಧ್ಯವಿದ್ದರೆ ಸೊಸೆಯೋ ಮಗಳೋ ಜೊತೆಗೆ ಹೋಗಲಿ. ಮಗನ ಮುಂದೆ ಹೇಳಲಾರದ್ದನ್ನು ಮಗಳ ಮುಂದೆ ಹೇಳುವ ತಾಯಂದಿರು ಬಹಳ.

ಗಂಡ ಸತ್ತವಳಿಗೆ ದುಃಖವಾಗುವುದು ಸಹಜ, ಅದಕ್ಕೂ ಗುಳಿಗೆಯೇ ಎಂದು ಕೆಲವರು ಕೇಳುವುದುಂಟು. ಕೇಳಬೇಕಾದದ್ದೇ. ದುಃಖವೆಲ್ಲ ಬೇನೆಯಲ್ಲ. ಸೌಮ್ಯವಾದ ಖಿನ್ನತೆಗೆ ಗುಳಿಗೆಯಿಲ್ಲದೆ, ಆಪ್ತಸಮಾಲೋಚನೆ, ನಡಿಗೆ, ದಿನಚರಿ ಇವುಗಳಿಂದಲೇ ಗುಣ ಕಾಣುವುದೂ ಉಂಟು. ಒಳ್ಳೆಯ ವೈದ್ಯರು ಮೊದಲು ಅದನ್ನೇ ಹೇಳುತ್ತಾರೆ. ಆದರೆ ಬೇಸರ, ನಿರಾಸಕ್ತಿ ದಿನದ ಬಹುಪಾಲು, ಪ್ರತಿದಿನವೂ, ಎರಡು ವಾರಕ್ಕೂ ಮೀರಿ ಮುಂದುವರಿದು, ಜೊತೆಗೆ ಊಟ ನಿದ್ದೆಗಳು ಕೆಟ್ಟು, ತಾನು ನಿಷ್ಪ್ರಯೋಜಕ ಎಂಬ ಭಾವನೆ ಬಲವಾದರೆ ಅದನ್ನು ಬೇನೆಯೆಂದೇ ಎಣಿಸಬೇಕು. ಪತ್ರದಲ್ಲಿನ ಅತ್ತೆಯವರ ನಸುಕಿನ ಮೂರು ಗಂಟೆಯ ಎಚ್ಚರವೂ ಈ ಬೇನೆಯಲ್ಲಿ ಪದೇ ಪದೇ ಕಾಣುವಂಥದು.

ಈ ಔಷಧಗಳು ಬಂದ ಬಗೆಯನ್ನು ಕೇಳಿದಾಗ ನಮಗೆ ಬೆರಗಾಯಿತು. 1952ರ ಸುಮಾರಿಗೆ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೋನಿಯಾಜಿಡ್ ಎಂಬ ಹೊಸ ಔಷಧ ಕೊಟ್ಟು ನೋಡಿದರು. ಹಾಸಿಗೆ ಹಿಡಿದಿದ್ದವರಲ್ಲಿ ಎಂದೂ ಇಲ್ಲದ ಗೆಲುವು ಕಾಣಿಸಿಕೊಂಡಿತು. ಕ್ಷಯಕ್ಕೆಂದು ಬಂದ ಔಷಧವನ್ನು ಕೆಲವು ವರ್ಷಗಳ ಬಳಿಕ ಮನಸ್ಸಿನ ಬೇನೆಗೆ ಪರೀಕ್ಷಿಸಿದರು. ಯಕೃತ್ತಿಗೆ ತೊಂದರೆ ಮಾಡಿದ್ದರಿಂದ ಮುಂದೆ ಅದು ಬಳಕೆಯಿಂದ ಹೋಯಿತು. ಸ್ವಿಟ್ಜರ್ಲೆಂಡಿನಲ್ಲಿ ರೋಲಂಡ್ ಕುನ್ ಎಂಬ ವೈದ್ಯರು 1957ರಲ್ಲಿ ಇಮಿಪ್ರಮಿನ್ ಎಂಬುದರ ಗುಣವನ್ನು ಪ್ರಕಟಿಸಿದರು. ನಮ್ಮ ತಂದೆಯ ಕಾಲದವರು ತೆಗೆದುಕೊಳ್ಳುತ್ತಿದ್ದದ್ದು ಈ ಜಾತಿಯವು. ಬಾಯಿ ಒಣಗುವುದು, ಮಲಬದ್ಧತೆ, ಎದ್ದು ನಿಂತರೆ ತಲೆ ತಿರುಗುವುದು ಇವುಗಳಿಂದ ಬೇಸತ್ತು ಬಿಡುವವರೇ ಹೆಚ್ಚು. 1987ರ ಕೊನೆಗೆ ಅಮೆರಿಕೆಯಲ್ಲಿ ಫ್ಲೂಆಕ್ಸೆಟಿನ್‌ಗೆ ಅನುಮತಿ ದೊರೆಯಿತು. ಈಗ ಹೆಚ್ಚಾಗಿ ಬರೆದುಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಲೀನ್ ಇವೆಲ್ಲ ಅದರ ಬಳಗದವು. ಮಿದುಳಿನ ನರತಂತುಗಳ ನಡುವೆ ಸೆರೊಟೋನಿನ್ ಎಂಬ ದ್ರವ್ಯ ಬೇಗನೆ ಹಿಂದಕ್ಕೆ ಹೀರಿಹೋಗದಂತೆ ಇವು ತಡೆಯುತ್ತವೆ. ಆ ದ್ರವ್ಯ ಕಡಿಮೆಯಾದದ್ದೇ ರೋಗಕ್ಕೆ ಕಾರಣ ಎಂಬ ಸುಲಭದ ವಿವರಣೆಯನ್ನು ಈಗಿನ ತಜ್ಞರು ಹಾಗೆಯೇ ಒಪ್ಪುವುದಿಲ್ಲ. ವಿಷಯ ಅದಕ್ಕಿಂತ ತೊಡಕಿನದು.

ಗುಳಿಗೆ ತನ್ನ ಕೆಲಸವನ್ನು ಮೊದಲ ದಿನವೇ ಆರಂಭಿಸಿದರೂ ಮನಸ್ಸು ತಿಳಿಯಾಗಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣಲು ಆರರಿಂದ ಎಂಟು ವಾರ. ಇಲ್ಲಿಯೇ ಎಲ್ಲರೂ ಎಡವುವುದು. ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ. ಹೊಟ್ಟೆ ತೊಳಸುವುದು, ತಲೆನೋವು, ಭೇದಿ, ನಿದ್ದೆಗೇಡು ಅಥವಾ ಅತಿ ನಿದ್ದೆ, ಕೈ ನಡುಕ ಇವು ಮೊದಲ ವಾರ, ಎರಡನೆಯ ವಾರ ಸಾಮಾನ್ಯ. ಬಹುತೇಕ ತಾವಾಗಿಯೇ ಇಳಿಯುತ್ತವೆ. ಊಟದ ನಂತರ ನುಂಗಿದರೆ ಹೊಟ್ಟೆಯ ತೊಳಸು ಕಡಿಮೆ. ನಿದ್ದೆ ಕೆಡಿಸುವ ಗುಳಿಗೆಯಾದರೆ ಬೆಳಿಗ್ಗೆ, ತೂಕಡಿಕೆ ತರುವುದಾದರೆ ರಾತ್ರಿ. ಇದನ್ನು ವೈದ್ಯರನ್ನು ಕೇಳಿ ನಿಶ್ಚಯಿಸಿಕೊಳ್ಳಬೇಕು. ವಯಸ್ಸಾದವರಿಗೆ ಅರ್ಧ ಗುಳಿಗೆಯಿಂದ ಆರಂಭಿಸಿ ಮೆಲ್ಲಗೆ ಏರಿಸುವುದು ಇದೇ ಕಾರಣಕ್ಕೆ. ಅರ್ಧದಿಂದ ಗುಣ ಕಾಣದೆಂದು ನೀವೇ ಎರಡು ಮಾಡಬೇಡಿ.

ಇನ್ನೊಂದು ತೊಂದರೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಗುಳಿಗೆಗಳಿಂದ ದಾಂಪತ್ಯದ ಆಸಕ್ತಿ ಕುಗ್ಗುವುದುಂಟು, ಗಂಡಸರಿಗೂ ಹೆಂಗಸರಿಗೂ. ಹೊಟ್ಟೆಯ ತೊಳಸಿನಂತೆ ಇದು ಎರಡು ವಾರಕ್ಕೆ ಹೋಗುವಂಥದಲ್ಲ. ಎಷ್ಟೋ ಜನ ಕಾರಣ ಹೇಳದೆ ಗುಳಿಗೆ ಬಿಡುವುದು ಇದಕ್ಕಾಗಿಯೇ. ವೈದ್ಯರಿಗೆ ಇದು ದಿನವೂ ಕೇಳುವ ಮಾತು. ಪ್ರಮಾಣ ಬದಲಿಸಬಹುದು, ಬೇರೆ ಗುಳಿಗೆ ಕೊಡಬಹುದು. ನಾಚಿಕೆ ಪಟ್ಟು ಚಿಕಿತ್ಸೆಯನ್ನೇ ಕೆಡಿಸಿಕೊಳ್ಳುವುದು ಬೇಡ.

ಈ ಮಾತನ್ನು ಕಾಲೇಜಿಗೆ ಹೋಗುವ ಮಕ್ಕಳಿರುವವರು ಗಮನವಿಟ್ಟು ಓದಬೇಕು. ಇಪ್ಪತ್ತೈದು ವರ್ಷದೊಳಗಿನವರಲ್ಲಿ ಕೆಲವರಿಗೆ ಈ ಗುಳಿಗೆಗಳ ಆರಂಭದ ವಾರಗಳಲ್ಲಿ, ಅಥವಾ ಪ್ರಮಾಣ ಬದಲಿಸಿದಾಗ, ಸಾಯುವ ವಿಚಾರಗಳು ಹೆಚ್ಚಾಗುವುದುಂಟು. ಅಮೆರಿಕೆಯ ಔಷಧ ನಿಯಂತ್ರಣ ಇಲಾಖೆ 2004ರಲ್ಲಿ ಮಕ್ಕಳ ವಿಷಯದಲ್ಲಿ ಈ ಎಚ್ಚರಿಕೆಯನ್ನು ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದ ವರೆಗಿನವರಿಗೆ ವಿಸ್ತರಿಸಿತು. ಇದರಿಂದ ಗುಳಿಗೆ ಕೊಡಲೇಬಾರದೆಂದು ಅರ್ಥವಲ್ಲ. ಔಷಧ ಕೊಡದೆ ಬಿಟ್ಟ ತೀವ್ರ ಖಿನ್ನತೆಯೇ ದೊಡ್ಡ ಅಪಾಯ. ಆದರೆ ಹಾಸ್ಟೆಲ್ಲಿನಲ್ಲಿರುವ ಹುಡುಗನಿಗೆ ಚೀಟಿ ಕೊಟ್ಟು ಕಳುಹಿಸಿ ತಿಂಗಳ ಮೇಲೆ ವಿಚಾರಿಸುವುದು ಸಲ್ಲದು. ಮೊದಲ ತಿಂಗಳು ಮನೆಗೆ ಕರೆಸಿಕೊಳ್ಳಿ, ಇಲ್ಲವೇ ದಿನವೂ ಮಾತನಾಡಿ. ತಳಮಳ, ಕುಳಿತಲ್ಲಿ ಕೂಡಲಾರದ ಚಡಪಡಿಕೆ, ಎಂದೂ ಇಲ್ಲದ ಸಿಡುಕು ಕಂಡರೆ ಅಂದೇ ವೈದ್ಯರಿಗೆ ತಿಳಿಸಿ.

ಇದಕ್ಕೆ ತದ್ವಿರುದ್ಧವಾದದ್ದೂ ಒಂದುಂಟು. ಗುಳಿಗೆ ಹಿಡಿದ ಕೆಲವು ದಿನಗಳಲ್ಲೇ ಮನುಷ್ಯ ವಿಪರೀತ ಉತ್ಸಾಹಗೊಂಡು, ಮೂರು ತಾಸು ಮಲಗಿದರೂ ದಣಿವಿಲ್ಲದೆ, ಎಡೆಬಿಡದೆ ಮಾತಾಡುತ್ತ, ಕೈಗೆ ಸಿಕ್ಕಂತೆ ದುಡ್ಡು ಖರ್ಚು ಮಾಡತೊಡಗಿದರೆ "ಗುಣವಾಯಿತು" ಎಂದು ಪೇಢೆ ಹಂಚಬೇಡಿ. ಅದು ಉನ್ಮಾದದ ಸೂಚನೆ ಇರಬಹುದು. ಅಂಥವರಿಗೆ ಔಷಧವೇ ಬೇರೆ. ಮನೆತನದಲ್ಲಿ ಯಾರಿಗಾದರೂ ಹಾಗಾಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು. ಸೋದರಮಾವನ ಸಂಗತಿಯನ್ನು ಮುಚ್ಚಿಟ್ಟರೆ ಸೋದರಳಿಯನಿಗೆ ಕಷ್ಟ.

ಬೇರೆ ಔಷಧಗಳ ಮಾತಿಗೆ ಬರೋಣ. ನಮ್ಮ ಹಿರಿಯರ ಗುಳಿಗೆಯ ಡಬ್ಬಿಗಳನ್ನು ನೀವು ನೋಡಿದ್ದೀರಿ. ಬೆಳಿಗ್ಗೆ ರಕ್ತದೊತ್ತಡದ್ದು, ಊಟಕ್ಕೆ ಮೊದಲು ಸಕ್ಕರೆಯದು, ರಾತ್ರಿ ರಕ್ತ ತೆಳುಮಾಡುವುದು, ನಡುವೆ ಮಂಡಿನೋವಿಗೆ ಪಕ್ಕದ ಮನೆಯವರು ಕೊಟ್ಟದ್ದು. ಈ ಕಡೆಯದೇ ಹೆಚ್ಚು ಅಪಾಯದ್ದು. ಖಿನ್ನತೆಯ ಗುಳಿಗೆಗಳಿಂದ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಅದರ ಮೇಲೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಾಧಾರಣ ಮೈಕೈ ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಹೃದಯಕ್ಕೆಂದು ವೈದ್ಯರೇ ಆಸ್ಪಿರಿನ್ ಕೊಟ್ಟಿದ್ದರೆ ಅದನ್ನು ನೀವಾಗಿ ಬಿಡದೆ ಇಬ್ಬರು ವೈದ್ಯರಿಗೂ ತಿಳಿಸಿ. ನೋವಿಗೆ ಕೊಡುವ ಟ್ರಮಡಾಲ್ ಇವುಗಳೊಡನೆ ಕೂಡದು. ಕೆಲವು ಕೆಮ್ಮಿನ ಔಷಧಗಳಲ್ಲಿರುವ ಡೆಕ್ಸ್ಟ್ರೋಮೆಥಾರ್ಫಾನ್ ಕೂಡ ಹಾಗೆಯೇ ಕೇಳಿ ತೆಗೆದುಕೊಳ್ಳಬೇಕಾದದ್ದು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಲಿನೆಜೊಲಿಡ್ ಕೊಡುತ್ತಾರೆ. ಮುಂಬಯಿಯಲ್ಲಿರುವ ನಮಗೆ ಈ ಕ್ಷಯ ಅಪರಿಚಿತವಲ್ಲ. ಅದೂ ಖಿನ್ನತೆಯ ಗುಳಿಗೆಯೂ ಒಟ್ಟಿಗೆ ಬಂದರೆ ಮೈಯಲ್ಲಿ ಸೆರೊಟೋನಿನ್ ಮಿತಿಮೀರಬಹುದು. ವಿಪರೀತ ಬೆವರು, ನಡುಕ, ಸ್ನಾಯು ಸೆಟೆಯುವುದು, ಭೇದಿ, ಜ್ವರ, ಗೊಂದಲ ಅದರ ಲಕ್ಷಣಗಳು. ಇದು ಆಸ್ಪತ್ರೆಗೆ ಓಡಬೇಕಾದ ಸಂದರ್ಭ. ಸ್ತನದ ಅರ್ಬುದಕ್ಕೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವ ಸೋದರಿಯರು ಅದನ್ನು ಮನೋವೈದ್ಯರಿಗೆ ತಪ್ಪದೆ ಹೇಳಬೇಕು. ಫ್ಲೂಆಕ್ಸೆಟಿನ್, ಪರೋಕ್ಸೆಟಿನ್ ಇವು ಅದರ ಶಕ್ತಿಯನ್ನು ಕುಗ್ಗಿಸುತ್ತವೆ.

ಅರವತ್ತು ದಾಟಿದವರಲ್ಲಿ ಇನ್ನೊಂದು ಕಣ್ಣಿಗೆ ಬೀಳದ ತೊಂದರೆ ರಕ್ತದಲ್ಲಿ ಉಪ್ಪಿನಂಶ, ಅಂದರೆ ಸೋಡಿಯಂ, ಇಳಿಯುವುದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಇದರ ಸಂಭವ ಹೆಚ್ಚು. ಮಂಕು, ತೂಕಡಿಕೆ, ಮಾತು ತಡವರಿಸುವುದು, ನಡೆಯುವಾಗ ಜೋಲಿ ಹೊಡೆಯುವುದು. ಮನೆಯವರು ಇದನ್ನು ವಯಸ್ಸಿನ ಅರಳುಮರಳೆಂದು ಬಿಟ್ಟುಬಿಡುತ್ತಾರೆ. ಒಂದು ರಕ್ತಪರೀಕ್ಷೆಯಿಂದ ತಿಳಿಯುವ ಸಂಗತಿ ಇದು. ಗುಳಿಗೆ ಆರಂಭಿಸಿದ ಕೆಲವು ವಾರಗಳಲ್ಲಿ ಸೋಡಿಯಂ ನೋಡಿಸಬೇಕೇ ಎಂದು ವೈದ್ಯರನ್ನು ನೀವೇ ಕೇಳಿ; ಕೇಳಿದ್ದಕ್ಕೆ ಯಾರೂ ಸಿಟ್ಟಾಗುವುದಿಲ್ಲ.

ಊರಿನಿಂದ ತರಿಸಿದ ಕಷಾಯ, ಚೂರ್ಣ, ಅಶ್ವಗಂಧ ಇವೂ ಔಷಧಗಳೇ. ಚೀಟಿಯಲ್ಲಿ ಅವನ್ನೂ ಬರೆಯಿರಿ. ಮದ್ಯ ಬೇಡ. ಮರೆತ ಗುಳಿಗೆ ನೆನಪಾದಾಗ ಅದೇ ದಿನವಾದರೆ ನುಂಗಬಹುದು, ಮರುದಿನವಾದರೆ ಬಿಟ್ಟುಬಿಡಬೇಕು, ಎರಡು ಸೇರಿಸಿ ನುಂಗಬಾರದು. ಏಕಾದಶಿಯ ದಿನ ಗುಳಿಗೆ ತಪ್ಪಿಸುವವರಿಗೆ ನಮ್ಮ ಮಾತೇನೆಂದರೆ, ಒಂದು ಗುಟುಕು ನೀರಿನೊಡನೆ ಔಷಧ ತೆಗೆದುಕೊಂಡರೆ ವಿಠ್ಠಲ ಮುನಿಯಲಾರ. ಗರ್ಭಿಣಿಯಾದೆನೆಂದು ತಿಳಿದ ದಿನವೇ ಹೆದರಿ ನಿಲ್ಲಿಸಿಬಿಡುವುದೂ ತಪ್ಪು. ಮುಂದುವರಿಸುವುದೋ ಬದಲಿಸುವುದೋ ಎಂಬುದನ್ನು ಹೆರಿಗೆಯ ವೈದ್ಯರೂ ಮನೋವೈದ್ಯರೂ ಕೂಡಿ ಹೇಳಬೇಕು.

"ಒಮ್ಮೆ ಹಿಡಿದರೆ ಬಿಡುವುದಿಲ್ಲ" ಎಂದ ನಾದಿನಿಯ ಮಾತಿನಲ್ಲಿ ಒಂದು ಎಳೆ ಸತ್ಯವಿದೆ, ಆದರೆ ಅದು ಬೇರೊಂದು ಗುಳಿಗೆಗೆ ಸಂಬಂಧಿಸಿದ್ದು. ಆರಂಭದಲ್ಲಿ ನಿದ್ದೆಗೂ ತಳಮಳಕ್ಕೂ ಕ್ಲೋನಾಜೆಪಾಮ್ ಎಂಬುದನ್ನು ಜೊತೆಗೆ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಬಹಳ. ಎರಡನ್ನೂ ಕೂಡಿಸಿ ಒಂದೇ ಗುಳಿಗೆಯಾಗಿ ಮಾರುವುದೂ ಉಂಟು. ಕ್ಲೋನಾಜೆಪಾಮ್ ಕೆಲವು ವಾರಗಳ ಮಟ್ಟಿಗೆ ಮಾತ್ರ ಒಳ್ಳೆಯದು. ತಿಂಗಳುಗಟ್ಟಲೆ ಹೋದರೆ ಚಟವಾಗುತ್ತದೆ, ಮರೆವು ತರುತ್ತದೆ, ಮುದುಕರನ್ನು ಸ್ನಾನದ ಮನೆಯಲ್ಲಿ ಬೀಳಿಸುತ್ತದೆ. ಖಿನ್ನತೆಯ ಗುಳಿಗೆ ಆ ರೀತಿಯ ಚಟ ಹಿಡಿಸುವುದಿಲ್ಲ; ಇನ್ನೂ ಬೇಕು, ಇನ್ನೂ ಬೇಕು ಎನ್ನಿಸುವುದಿಲ್ಲ. ನಿಮ್ಮ ಪಟ್ಟಿಯ ಮೇಲೆ ಒಂದು ಹೆಸರಿದೆಯೋ ಎರಡಿವೆಯೋ ಕನ್ನಡಕ ಹಾಕಿಕೊಂಡು ನೋಡಿ. ಎರಡಿದ್ದರೆ ಎರಡನೆಯದನ್ನು ಎಷ್ಟು ದಿನ ಎಂದು ವೈದ್ಯರನ್ನು ಕೇಳಿ. ಅದನ್ನೂ ಥಟ್ಟನೆ ನಿಲ್ಲಿಸಬಾರದು, ಫಿಟ್ಸ್ ಬರುವ ಭಯವಿದೆ.

ಪಟ್ಟಿಯ ಮೇಲಿನ ಈ ಚಿಕ್ಕ ಅಕ್ಷರ ಓದುವುದು ನಮ್ಮಂಥ ಊರು ಬಿಟ್ಟವರಿಗೆ ಇನ್ನೂ ಒಂದು ಕಾರಣಕ್ಕೆ ಬೇಕು. ಬೇಸಗೆಯ ರಜೆಗೆ ಗದಗಕ್ಕೋ ಬಾಗಲಕೋಟೆಗೋ ಹೋದಿರಿ, ಹದಿನೈದು ದಿನಕ್ಕೆಂದು ಹೋದವರು ಜಾತ್ರೆಯೆಂದು ಮತ್ತೊಂದು ವಾರ ಉಳಿದಿರಿ, ಗುಳಿಗೆ ಮುಗಿಯಿತು. ಮುಂಬಯಿಯ ಕಂಪನಿಯ ಹೆಸರು ಅಲ್ಲಿಯ ಅಂಗಡಿಯಲ್ಲಿ ಇರುವುದಿಲ್ಲ. ಅಂಗಡಿಯವನು "ಇದೂ ಅದ ಐತ್ರಿ" ಎಂದು ಬೇರೊಂದು ಕೊಡುತ್ತಾನೆ. ಅದೇ ಇರಬಹುದು, ಅದಕ್ಕೆ ಕ್ಲೋನಾಜೆಪಾಮ್ ಸೇರಿಸಿದ್ದೂ ಇರಬಹುದು. ಕಂಪನಿಯ ಹೆಸರನ್ನಲ್ಲ, ಔಷಧದ ಮೂಲ ಹೆಸರನ್ನೂ ಮಿಲಿಗ್ರಾಮನ್ನೂ ಬರೆದಿಟ್ಟುಕೊಂಡಿದ್ದರೆ ಯಾವ ಊರಿನಲ್ಲಾದರೂ ಸರಿಯಾದದ್ದು ಸಿಗುತ್ತದೆ. ಜನೌಷಧಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೂ ಸಿಗುತ್ತದೆ. ಚೀಟಿಯ ಚಿತ್ರವನ್ನು ಫೋನಿನಲ್ಲಿಟ್ಟುಕೊಳ್ಳಿ. ಹೊರಡುವಾಗ ಹತ್ತು ದಿನದ್ದು ಹೆಚ್ಚಿಗೆ ಕಟ್ಟಿಕೊಳ್ಳಿ, ಟ್ರಂಕಿನಲ್ಲಲ್ಲ, ಕೈಚೀಲದಲ್ಲಿ. ಆದರೆ ಮನೆಯಲ್ಲಿ ಆರು ತಿಂಗಳ ದಾಸ್ತಾನು ಬೇಡ. ಬೇನೆ ಹೆಚ್ಚಿರುವವರ ಕೈಗೆ ಪೂರ್ತಿ ಡಬ್ಬಿ ಕೊಡದೆ ದಿನದ್ದನ್ನು ದಿನ ಕೊಡುವುದು ಮನೆಯವರ ಕೆಲಸ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಗುಳಿಗೆಗಳು ಪ್ರಮಾಣ ಮೀರಿದರೆ ಹೃದಯಕ್ಕೇ ಅಪಾಯ. ಮಕ್ಕಳಿರುವ ಮನೆಯಲ್ಲಿ ಅವು ಬೀಗದೊಳಗಿರಬೇಕು.

ಈ ಬೇನೆಯನ್ನು ಮುಚ್ಚಿಡುವುದರಿಂದ ಆಗುವ ನಷ್ಟ ಒಂದೆರಡಲ್ಲ. ಆರೋಗ್ಯ ವಿಮೆಯವರಿಗೆ ತಿಳಿದರೆ ಕಷ್ಟ ಎಂದು ಹೆದರುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಒದಗಿಸುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸತಕ್ಕದ್ದು. ಕನ್ನಡದಲ್ಲಿ ಮಾತನಾಡಲು ಯಾರೂ ಇಲ್ಲ ಎನ್ನುವವರಿಗೆ ಇನ್ನೊಂದು ಅನುಕೂಲವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ, ಸಂಖ್ಯೆ 14416, ಹಗಲು ರಾತ್ರಿ ಉಚಿತ. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲಿ ಮಾತನಾಡಬಹುದು. ಸಾಯುವ ಮಾತು ಬಾಯಿಗೆ ಬಂದರಂತೂ ಬೆಳಗಾಗಲೆಂದು ಕಾಯದೆ ಈ ಸಂಖ್ಯೆಗೆ ಕರೆ ಮಾಡಿ, ಅವರನ್ನು ಒಬ್ಬರೇ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತೆಂದು ಹೆದರಬೇಡಿ. ನಾವು ಹೆದರಿ ಕೇಳದೆ ಕುಳಿತ ವಾರಗಳೇ ನಮ್ಮ ಮನೆಯಲ್ಲಿ ಕೆಟ್ಟ ವಾರಗಳು.

ಇನ್ನು ಬಿಡುವ ಬಗೆ. ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಅದೇ ಪ್ರಮಾಣದಲ್ಲಿ ಮುಂದುವರಿಸಬೇಕೆಂಬುದು ವೈದ್ಯರ ಸಾಮಾನ್ಯ ನಿಯಮ. ಬೇನೆ ಮರುಕಳಿಸಿದವರಿಗೆ ಎರಡು ವರ್ಷ ಅಥವಾ ಹೆಚ್ಚು. ಆಮೇಲೂ ಮೆಟ್ಟಿಲಿಳಿದಂತೆ ಇಳಿಯಬೇಕು. ನಮ್ಮ ಮನೆಯವರು ಎರಡನೆಯ ಸಲ 2021ರಲ್ಲಿ ಬಿಡಲು ಹೊರಟಾಗ ವೈದ್ಯರು ಐದು ತಿಂಗಳ ಲೆಕ್ಕ ಹಾಕಿಕೊಟ್ಟರು. ಹತ್ತರಿಂದ ಐದಕ್ಕೆ ಇಳಿಯುವುದು ಸುಲಭವಾಯಿತು. ಐದರಿಂದ ಕೆಳಗೆ ಬರುವುದೇ ಕಷ್ಟವಾಯಿತು. ಕೊನೆಯ ಮೆಟ್ಟಿಲುಗಳೇ ಎತ್ತರವೆಂದು ವೈದ್ಯರು ಮೊದಲೇ ಹೇಳಿದ್ದರು. ಒಂದು ಸಲ ಮಿಂಚು ತಿರುಗಿ ಕಾಣಿಸಿಕೊಂಡಾಗ ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿ ಮೂರು ವಾರ ಅಲ್ಲಿಯೇ ನಿಂತರು. ದಿನವೂ ಗೋಡೆಯ ಕ್ಯಾಲೆಂಡರಿನಲ್ಲಿ ಗುಳಿಗೆಯ ಗುರುತು, ಅದರ ಪಕ್ಕದಲ್ಲಿ ಹಾಲಿನ ಲೆಕ್ಕ. ಮಿಂಚು ಹೊಡೆದಂತಾಗುವುದು, ತಲೆತಿರುಗು, ಸಿಡುಕು, ಕೆಟ್ಟ ಕನಸು ಬಿಟ್ಟ ಕೆಲವು ದಿನಗಳಲ್ಲೇ ಬಂದರೆ ಸಾಮಾನ್ಯವಾಗಿ ಅದು ಬಿಟ್ಟದ್ದರ ಪರಿಣಾಮ. ಬೇಸರ ಮೆಲ್ಲಗೆ ವಾರಗಳ ಮೇಲೆ ಕವಿದರೆ ಬೇನೆಯೇ ಮರಳಿದ್ದು. ಪರೋಕ್ಸೆಟಿನ್, ವೆನ್ಲಾಫಾಕ್ಸಿನ್ ಇವನ್ನು ಬಿಡುವಾಗ ತೊಂದರೆ ಹೆಚ್ಚು. ಮೈಯಲ್ಲಿ ಬಹುಕಾಲ ಉಳಿಯುವ ಫ್ಲೂಆಕ್ಸೆಟಿನ್‌ಗೆ ಕಡಿಮೆ. ಬಿಡುವುದಕ್ಕೆ ಕಾಲವನ್ನೂ ನೋಡಬೇಕು. ಮಗಳ ಬಾಣಂತನ, ಮನೆ ಬದಲಾವಣೆ, ಹತ್ತಿರದವರ ಸಾವು ಇಂಥ ಸಮಯ ಬೇಡ.

ಪುಣೆಯ ಸೋದರಿಗೆ ನಮ್ಮ ಉತ್ತರ ಇಷ್ಟು: ಹತ್ತು ದಿನಕ್ಕೆ ತೀರ್ಮಾನ ಬೇಡ, ಆದರೆ ಹೊಟ್ಟೆಯ ತೊಳಸನ್ನು ನಾಳೆಯೇ ವೈದ್ಯರಿಗೆ ಫೋನಿನಲ್ಲಿ ತಿಳಿಸಿ. ಅತ್ತೆಯವರ ರಕ್ತದೊತ್ತಡದ ಗುಳಿಗೆಯ ಹೆಸರನ್ನೂ ಹೇಳಿ, ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವಿದೆ. ಗುಳಿಗೆಯನ್ನು ಸಾರಿನಲ್ಲಿ ಕಲಸಿ ಮೋಸದಿಂದ ಕೊಡುವ ವಿಚಾರವನ್ನು ಬಿಟ್ಟುಬಿಡಿ. ತಿಳಿದ ದಿನ ನಿಮ್ಮ ಕೈಯ ಊಟವನ್ನೂ ಅವರು ನಂಬುವುದಿಲ್ಲ. ಹುಚ್ಚಿನ ಮಾತೆತ್ತಿದರೆ, ಸಕ್ಕರೆಗೆ ಗುಳಿಗೆ ನುಂಗುವ ಮಗನನ್ನು ತೋರಿಸಿ. ನಾದಿನಿಯವರಿಗೆ ಈ ಸಂಚಿಕೆಯನ್ನು ಅಂಚೆಯಲ್ಲಿ ಕಳುಹಿಸಿ.

ನಮ್ಮ ಮನೆಯವರು ಇದನ್ನೆಲ್ಲ ಓದಿ, ನಾವು ಬರೆದದ್ದಕ್ಕಿಂತ ನಾಲ್ಕು ಮಾತು ಆಡಿದರೆ ಅತ್ತೆಯವರಿಗೆ ಹೆಚ್ಚು ಧೈರ್ಯ ಬಂದೀತು ಎನ್ನುತ್ತಿದ್ದಾರೆ. ಅವರ ಊರು ನರಗುಂದ, ಮಾತು ಹೊಂದುತ್ತದೆ. ಸಂಘದ ಕಚೇರಿಗೆ ಪತ್ರ ಬರೆದರೆ ನಂಬರು ಕೊಡುತ್ತಾರೆ. ಮಧ್ಯಾಹ್ನ ಮೂರರ ಮೇಲೆ ಫೋನು ಮಾಡಿಸಿ, ಅದಕ್ಕೆ ಮೊದಲು ಅವರು ಮಲಗಿರುತ್ತಾರೆ.